ನೀರು ಎಲ್ಲಿ ಹೋಗುತ್ತಿತ್ತು

ಮಸ್ಕಿ
11 ಜನವರಿ 2026, ಭಾನುವಾರ

ನಂದಿನಿಯ ಅಪ್ಪನವರಿಗೆ ಶಿವಗಂಗಾಳ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಕೈ ನಡುಗುವುದು ಕಡಿಮೆಯಾಯಿತೇ? ಹೊಟ್ಟೆಗೆ ಅನ್ನ ಸೇರುತ್ತಿದೆಯೇ? ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಫೋನು ಕೊಡುವುದಿಲ್ಲ, ಬೇಕಾದರೆ ಪತ್ರ ಬರೆಯಿರಿ ಎಂದರು. ಮದುವೆಯಾದಾಗಿನಿಂದ ನಿಮಗೆ ಒಂದು ಸಾಲು ಬರೆದವಳಲ್ಲ ನಾನು, ಅಕ್ಷರ ನೋಡಿ ನಗಬೇಡಿ. ನೀವಿರುವ ಲಿಂಗಸುಗೂರೇನು ದೂರವಲ್ಲ, ಬಸ್ಸು ಹತ್ತಿದರೆ ಬಂದುಬಿಡಬಹುದು. ಆದರೆ ಎದುರಿಗೆ ಕೂತು ಮಾತಾಡುವ ತ್ರಾಣ ಇನ್ನೂ ಬಂದಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಅತ್ತೆಗೆ ಮೊಣಕಾಲು ನೋವು, ನಂದಿನಿಗೆ ಕೆಮ್ಮು, ನನಗೆ ಸುಸ್ತು. ಉಳಿದಂತೆ ಕ್ಷೇಮ.

ಇನ್ನು ನಮ್ಮ ಪಿಕಪ್ಪಿನ ಸುದ್ದಿ. ಮುಕ್ಕುಂದದಿಂದ ಭತ್ತ ಹೇರಿಕೊಂಡು ಬರುವಾಗ ಇಂಜಿನ್ ಕುದ್ದು ನಡುದಾರಿಯಲ್ಲಿ ನಿಂತಿತಲ್ಲ, ಆ ದಿನ ನೀವು "ಮುಂಜಾನೆ ರೇಡಿಯೇಟರಿಗೆ ತುಂಬ ನೀರು ಹಾಕೀನಿ, ಎಲ್ಲಿ ಹೋಗ್ತದೋ ಆ ದೇವರಿಗೇ ಗೊತ್ತು" ಎಂದು ಬಾಯಿ ಬಡಿದುಕೊಂಡಿರಿ. ಆ ಬಾಯಲ್ಲೇ ವಾಸನೆ ಹೊಡೆಯುತ್ತಿತ್ತು, ನಂಬುವವರು ಯಾರು? ಮಾವನವರು "ನಿಶೆದಾಗ ನೀರು ನೋಡಿಲ್ಲ ಮಗ, ಗಾಡಿ ಸುಟ್ಟು ಹಾಕ್ಯಾನ" ಎಂದರು. ನಾನೂ ಹೌದೆಂದೆ. ಮರುದಿನವೇ ನಿಮ್ಮನ್ನು ಅಲ್ಲಿ ಸೇರಿಸಿದ್ದು. ಗಾಡಿ ನಿಂತರೆ ಮನೆ ನಿಲ್ಲುತ್ತದೆಂದು ಓಡಿಸಲು ಬೀರಲಿಂಗನನ್ನು ಇಟ್ಟೆವು. ಸಿಂಧನೂರಿನ ಮೇಸ್ತ್ರಿ ಪೈಪು, ಮುಚ್ಚಳ ಬದಲಿಸಿದ, ನೀರು ಮತ್ತೆ ಇಳಿಯಿತು. ಲಿಂಗಸುಗೂರಿನಲ್ಲಿ ರೇಡಿಯೇಟರ್ ಬಿಚ್ಚಿ ತೊಳೆದು ಬೆಸುಗೆ ಹಾಕಿಸಿದೆವು, ಆಗಲೂ ಅಷ್ಟೇ. ನನ್ನ ತಲೆ ಕೆಟ್ಟಿದ್ದು ಆಗ. ಚಹಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ ಬೀರಲಿಂಗ, ಅವನ ಕೈಯಲ್ಲೂ ನೀರು ಮಾಯವಾಗುತ್ತಿದೆಯಲ್ಲ! ಮಾವನವರಿಗೆ ಸಾಕಾಗಿ, ಗುಜರಿಗೆ ಹಾಕಿಬಿಡೋಣ ಎಂದರು.

ಅದಕ್ಕೆ ಅತ್ತೆ ಏನು ಮಾಡಿದರು ಗೊತ್ತೇ? "ಸೋರಿದ್ರ ಬೂದಿ ಹೇಳ್ತದ ತಡೀರಿ" ಎಂದು ಒಲೆಯ ಬೂದಿ ಜರಡಿ ಹಿಡಿದು ಗಾಡಿಯ ಕೆಳಗೆಲ್ಲ ಹರವಿದರು, ಆ ಮೊಣಕಾಲು ಇಟ್ಟುಕೊಂಡು! ಬೀರಲಿಂಗ ಇಂಜಿನ್ ಚಾಲು ಮಾಡಿ ಬಹಳ ಹೊತ್ತು ಬಿಟ್ಟ. ಆರಿದ ಮೇಲೆ ನೋಡಿದರೆ ಬೂದಿಯ ಮೇಲೆ ಬೆಕ್ಕಿನ ಹೆಜ್ಜೆ ಬಿಟ್ಟು ಒಂದು ಹನಿಯ ಗುರುತಿಲ್ಲ, ನೀರು ಮಾತ್ರ ಇಳಿದಿದೆ. ಗಾಡಿಯನ್ನು ಇಲ್ಲೇ ಮಸ್ಕಿಯ ಯಂಕೋಬ ಮೇಸ್ತ್ರಿಯ ಶೆಡ್ಡಿಗೆ ಒಯ್ದು ಇದನ್ನೇ ಹೇಳಿದೆ. ಹೊರಗೆ ಬೀಳದಿದ್ದರೆ ಒಳಗೇ ಹೋಗಬೇಕು ಎಂದು ಅವನು ಮೊದಲು ಆಯಿಲ್ ನೋಡಿದ. ನೀರು ಬೆರೆತಿದ್ದರೆ ಅದು ಹಾಲು ಹಾಕಿದ ಚಹಾದ ಹಾಗೆ ಆಗುತ್ತಿತ್ತಂತೆ, ಹಾಗೆ ಆಗಿರಲಿಲ್ಲ. ಆಮೇಲೆ ಸೈಲೆನ್ಸರ್ ನೋಡಿದ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲಲಿಲ್ಲ. ನಾನದನ್ನು ದಿನಾ ನೋಡುತ್ತಿದ್ದೆ, ಚಳಿಗಾಲವಲ್ಲವೇ ಎಂದು ಸುಮ್ಮನಿದ್ದೆ. ಇಂಜಿನ್ನಿನ ಹೊಗೆಯನ್ನು ತಂಪು ಮಾಡುವ ಒಂದು ಪುಟ್ಟ ಕೂಲರ್ ಇರುತ್ತದೆ, ಅದರ ಸುತ್ತ ಇದೇ ನೀರು ಓಡಾಡುತ್ತದೆ. ಅದನ್ನು ಬಿಚ್ಚಿ, ಬಾಯಿ ಕಟ್ಟಿ, ಗಾಳಿ ತುಂಬಿ, ಪಂಕ್ಚರ್ ಅಂಗಡಿಯವರಂತೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ. ಗುಳುಗುಳು ಗುಳ್ಳೆ ಎದ್ದವು. ಒಳಗೆ ಕೂದಲೆಳೆಯಷ್ಟು ಬಿರುಕು. ನೀರೆಲ್ಲ ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತಿತ್ತು. "ಗಾಡಿನೇ ಕುಡ್ಯಾಕತ್ತದ ನೋಡ್ರಿ" ಎಂದ ಯಂಕೋಬ. ಅಲ್ಲಿ ಯಾರೂ ನಗಲಿಲ್ಲ.

ಜೊತೆಗೆ ಬಂದಿದ್ದ ಮಾವನವರು "ನನ್ನ ಮಗ ಶಿವಕಾಂತ ಖರೇನ ಹೇಳಿದ್ದ" ಎಂದರು. ನನಗೆ ಶೆಡ್ಡಿನಲ್ಲೇ ಅಳು ಬಂತು. ನೀವು ನಿಜ ಹೇಳಿದ ದಿನ ನಿಮ್ಮ ಪರವಾಗಿ ಮನೆಯಲ್ಲಿ ಒಬ್ಬರೂ ಇರಲಿಲ್ಲ, ನಾನೂ ಇರಲಿಲ್ಲ. ಆದರೆ ಕ್ಷಮಿಸಿ ಎಂದು ಬರೆಯಲು ಹೋದರೆ ಪೆನ್ನು ಮುಂದಕ್ಕೆ ಓಡುವುದಿಲ್ಲ. ಮಗಳ ತಲೆ ಮುಟ್ಟಿ ಎಷ್ಟು ಆಣೆ ಮಾಡಿದಿರಿ, ಸಂಜೆಗೆ ಎಷ್ಟು ಮುರಿದಿರಿ! ನೀರಿನ ವಿಷಯದಲ್ಲಿ ನೀವು ಹೇಳಿದ್ದು ನಿಜ. ಕುಡಿದು ಗಾಡಿ ಓಡಿಸಿದ್ದೂ ನಿಜ. ಎರಡನ್ನೂ ಬರೆಯದೆ ನನಗೆ ಸಮಾಧಾನವಿಲ್ಲ.

ಹೊಸ ಕೂಲರ್ ಕೂಡಿಸಿದ ಮೇಲೆ ನೀರು ಇಳಿದಿಲ್ಲ, ಗುಜರಿಯ ಮಾತೂ ನಿಂತಿದೆ. ಬೀರಲಿಂಗನ ಕೈಯಲ್ಲಿ ಸಜ್ಜೆ ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ ಕಳಿಸಿದ್ದೇನೆ, ಒಬ್ಬರೇ ತಿನ್ನದೆ ಜೊತೆಯವರಿಗೂ ಕೊಡಿ. ಗುಳಿಗೆ ತಪ್ಪಿಸಬೇಡಿ. ಅತ್ತೆ ಮಾವ ಹರಸಿದ್ದಾರೆ. ಅಪ್ಪನಿಗೆ ನನ್ನ ಮುತ್ತು ಬರಿ ಎಂದು ನಂದಿನಿ ಬೆನ್ನಿಗೆ ಬಿದ್ದಿದ್ದಾಳೆ, ಬರೆದಿದ್ದೇನೆ.

ನಿಮ್ಮ
ಶಿವಗಂಗಾ

ತಾ.ಕ.: ಬೀರಲಿಂಗ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಡ್ರೈವಿಂಗ್ ಕಲಿಸುವ ಮೆಹರಬಾನು ಅಕ್ಕನ ಹತ್ತಿರ ನಾನು ಗಾಡಿ ಕಲಿಯುತ್ತಿದ್ದೇನೆ, ಕಲಿಕಾ ಲೈಸೆನ್ಸ್ ಬಂದಿದೆ. ನೀವು ಬಂದ ಮೇಲೂ ಚಾವಿ ನನ್ನ ಸೊಂಟದಲ್ಲೇ ಇರುತ್ತದೆ. ಎಷ್ಟು ದಿನ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಪಕ್ಕದ ಸೀಟಿನಲ್ಲಿ ಕೂರಲು ಮನಸ್ಸಿದ್ದರೆ ಒಂದು ಸಾಲು ಬರೆಯಿರಿ, ಕರೆದುಕೊಂಡು ಹೋಗಲು ನಾನೇ ಬರುತ್ತೇನೆ.