ಗೋಡೆಯ ಮುಂದೆ ಯಾರು ನಿಲ್ಲಬೇಕು

ಕುಲಗೋಡ,
ಫೆಬ್ರುವರಿ ೨, ೨೦೨೫, ರವಿವಾರ

ಪ್ರೀತಿಯ ವಿದ್ಯಾ,

ಬೆಳಗಾವಿಗೆ ಬಾ ಅಂತ ಫೋನ್ ಮಾಡಿದರೆ "ಹೂಂ ಅಕ್ಕಾ, ನೋಡ್ತೇನಿ ಅಕ್ಕಾ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನಾದರೂ ಪೂರ್ತಿ ಓದಲೇಬೇಕಲ್ಲ! ನಾನು ವಾರದಿಂದ ಸಿಟ್ಟಿನಲ್ಲಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೆಳಗಾವಿಯ ಯುದ್ಧ ಸ್ಮಾರಕ ಉದ್ಯಾನದ ಗೋಡೆಯ ಮೇಲೆ ನಮ್ಮ ಶ್ರೀಶೈಲನ ಹೆಸರು ಕೆತ್ತಿದ್ದಾರೆ ಅಂತ ನಿನಗೆ ಗೊತ್ತು. ಅವ್ವನಿಗೆ ಒಮ್ಮೆ ಅದನ್ನು ಕಣ್ಣಾರೆ ನೋಡಬೇಕು, ಅಷ್ಟೇ. ನನ್ನ ತಮ್ಮ ಗಡಿಯ ಹಿಮದಲ್ಲಿ ಹೂತುಹೋದ. ಮನೆಗೆ ಬಂದದ್ದು ಅವನ ಟ್ರಂಕು, ಟೋಪಿ. ಮಣ್ಣು ಕೊಡಲು ದೇಹವೇ ಸಿಗಲಿಲ್ಲ. ಹಾಗಾಗಿ ಹೊಲದಲ್ಲಿ ಅಪ್ಪನ ಸಮಾಧಿಯ ಪಕ್ಕ ಅವನದೊಂದು ಇಲ್ಲ. ಅಮಾವಾಸ್ಯೆಗೆ ಅವ್ವ ಅಪ್ಪನ ಸಮಾಧಿಗೆ ವಿಭೂತಿ ಹಚ್ಚಿ, ಸ್ವಲ್ಪ ಹೊತ್ತು ಪಕ್ಕದ ಖಾಲಿ ಜಾಗ ನೋಡಿ, ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬರುತ್ತಾಳೆ. ಈ ಮನೆಯ ಸೊಸೆಯಾಗಿದ್ದಾಗ ನೀನೂ ಎಷ್ಟೋ ಸಲ ನೋಡಿದ್ದೀಯ.

ಇಂಥ ಸಣ್ಣ ಆಸೆಯನ್ನು ನಮ್ಮವರು ಏನು ಮಾಡಿದರು ಗೊತ್ತೇ? ಟ್ರಿಪ್ಪು ಮಾಡಿದರು! ಪರಪ್ಪ ಕಾಕಾ ಕ್ರೂಸರ್ ಗಾಡಿ ಹೇಳಿದ. ದಾರಿಯಲ್ಲಿ ಗೋಕಾಕ ಫಾಲ್ಸ್ ನೋಡಿಕೊಂಡು ಹೋಗೋಣ ಅಂದ. ಈ ದಿನಗಳಲ್ಲಿ ಅಲ್ಲಿ ನೀರೆಲ್ಲಿದೆ, ಬಂಡೆ ನೋಡಬೇಕು ಅಷ್ಟೇ. ಕಾಕು ಬುತ್ತಿಗೆ ಮಾದಲಿ, ಶೇಂಗಾ ಹೋಳಿಗೆ ಕಟ್ಟುತ್ತಾಳಂತೆ. ಸ್ಮಾರಕದ ಉದ್ಯಾನದಲ್ಲಿಟ್ಟಿರುವ ಯುದ್ಧ ಟ್ಯಾಂಕಿನ ನೆರಳಲ್ಲಿ ಎಲ್ಲರೂ ಕೂತು ಉಣ್ಣಬೇಕಂತೆ. ನಾನು ಉದ್ಯಾನದ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ಒಳಗೆ ಊಟ ತರಬಾರದು, ಗೋಡೆಯ ಹತ್ತಿರ ಗದ್ದಲ ಮಾಡಬಾರದು, ಹೂವನ್ನು ಕೆಳಗಿನ ಕಟ್ಟೆಯ ಮೇಲೆ ಇಡಬಹುದು, ಕಲ್ಲಿಗೆ ಮಾತ್ರ ಏನೂ ಹಚ್ಚಬಾರದು ಅಂದರು. ಕಾಕಾನಿಗೆ ಹೇಳಿದರೆ, "ಏ ಬಿಡ ಶೋಭಾ, ನಾವು ಹುತಾತ್ಮನ ಮನಿಯವ್ರು, ನಮಗ್ಯಾರು ಕೇಳ್ತಾರ?" ಅಂದ.

ಕಲ್ಲಿನ ಮೇಲಿನ ಹೆಸರಿಗೆ ವಿಭೂತಿ ಹಚ್ಚುವಂತಿಲ್ಲ ಅಂತ ಅವ್ವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. "ನನ್ನ ಮಗನ ಹಣೀಗೆ ಈಬತ್ತಿ ಹಚ್ಚಾಕ ಯಾರ ಹುಕುಂ ಬೇಕ?" ಅಂದಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, ಗೋಡೆಯ ಮುಂದೆ ನಿಂತು ತನ್ನ ಹಣೆಗೇ ಹಚ್ಚಿಕೊಳ್ಳುತ್ತೇನೆ, ಅದನ್ನು ಯಾರೂ ಬೇಡ ಅನ್ನಲಾರರು ಅಂದಳು.

ಅದೊಂದು ಬಗೆಹರಿಯಿತು ಅನ್ನುವಷ್ಟರಲ್ಲಿ ನಿನ್ನ ಮಾತು ಬಂತು. ಗಾಡಿಯಲ್ಲಿ ಯಾರ್ಯಾರು ಅಂತ ಕಾಕಾ ಕೇಳಿದ. ವಿದ್ಯಾಳೂ ಬರಬೇಕು ಅಂದೆ. ಅವನು ಚಹಾದ ಬಸಿ ಕೆಳಗಿಟ್ಟು, "ಆಕಿ ಉಡಿಕಿ ಆದಾಕಿ. ಮತ್ತೊಬ್ಬನ ಮನಿ ಸೇರಿದ ಮ್ಯಾಲೆ ಮೊದಲಿನ ಗಂಡನ ಸಮಾಧಿ ಮುಂದ ನಿಲ್ಲಬಾರದು. ಹಿಂದಿನಿಂದ ನಡಕೊಂಡ ಬಂದದ್ದು" ಅಂದ. ಗೋಡೆಯನ್ನು ಸಮಾಧಿ ಅನ್ನುವವನೂ ಅವನೇ, ಅಲ್ಲಿ ಹೋಳಿಗೆ ಉಣ್ಣಲು ಹೊರಟವನೂ ಅವನೇ! ವಿಧವೆಯಾಗಿ ಕೂತಿದ್ದ ನಿನಗೆ ಹುಕ್ಕೇರಿಯ ಲಕ್ಷ್ಮಣನ ಜೊತೆ ಉಡಿಕೆ ಮಾಡಿಸಿ, ಮುಂದೆ ನಿಂತು ಸೀರೆ ಕೊಟ್ಟವನೂ ಅವನೇ ಅಲ್ಲವೇ? ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಅವ್ವ ಒಂದು ಮಾತೂ ಆಡದೆ ಕೂತಿದ್ದಳು. ಅವಳೂ ಕಾಕಾನ ಕಡೆಯೇ ಅಂದುಕೊಂಡು ಅವಳ ಮೇಲೂ ರೇಗಿದೆ.

ನಿನ್ನ ಮೇಲೂ ಸಿಟ್ಟಿದೆ, ಕೇಳು. ಜನ ಏನಂದಾರು ಅಂತ ನೀನೇ ಹಿಂದೆ ಸರಿದರೆ ನಾನು ಯಾರಿಗೋಸ್ಕರ ಜಗಳವಾಡಲಿ? ಅವನು ರಜೆಗೆ ಬರುವ ದಿನ ಬೆಳಗಿನಿಂದ ಹೊಸಿಲು ಬಿಟ್ಟು ಕದಲದವಳು ನೀನು. ಈಗಿನ ನಿನ್ನ ಸಂಸಾರ ಚೆನ್ನಾಗಿದೆ ಅಂತ ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅದಕ್ಕಾಗಿ ನೀನು ಅವನನ್ನು ಮರೆತವಳಂತೆ ನಟಿಸಬೇಕಿಲ್ಲ. ನೀನಿಲ್ಲದೆ ಆ ಗೋಡೆಯ ಮುಂದೆ ನಿಲ್ಲುವುದು ನನ್ನಿಂದಾಗದು, ವಿದ್ಯಾ.

ಇವತ್ತು ಬೆಳಿಗ್ಗೆ ಕಾಕಾನಿಗೆ ಗಾಡಿ ಬೇಡ ಅಂದುಬಿಟ್ಟೆ. ಮುಖ ಊದಿಸಿಕೊಂಡು ಹೋದ, ಹೋಗಲಿ. ಮುಂದಿನ ವಾರ, ೧೩ನೇ ತಾರೀಕು ಗುರುವಾರ, ನಾನು, ಅವ್ವ ಬಸ್ಸಿನಲ್ಲಿ ಹೊರಡುತ್ತೇವೆ. ನಿನಗೆ ಹುಕ್ಕೇರಿಯಿಂದ ನೇರ ಬೆಳಗಾವಿಗೆ ಹೋಗಲು ಬರುತ್ತದೆ, ಆದರೂ ಗೋಕಾಕಕ್ಕೇ ಬಾ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇವೆ. ಅಲ್ಲಿಂದ ಒಟ್ಟಿಗೆ ಹೋಗೋಣ.

ಈಗ ನಾನು ನಿನಗೆ ಏನಾಗಬೇಕೋ ಗೊತ್ತಿಲ್ಲ, ಆದರೂ
ನಿನ್ನ
ಶೋಭಕ್ಕ

ತಾ.ಕ.: ಪತ್ರ ಮಡಿಚುವಾಗ ಅವ್ವ ಬಂದು ಏನು ಬರೆದೆ ಅಂತ ಕೇಳಿದಳು. ಓದಿ ಹೇಳಿದೆ. ಅವಳು ಜಗಳದ ದಿನದಿಂದ ಈ ವಿಷಯದಲ್ಲಿ ಬಾಯಿ ಬಿಟ್ಟದ್ದು ಇದೇ ಮೊದಲು, ಬಿಟ್ಟದ್ದೂ ನನ್ನನ್ನು ಬೈಯಲಿಕ್ಕೆ: "ಆಕೀನ ಒಬ್ಬಾಕೀನ ಯಾಕ ಕರದಿ? ಲಕ್ಷ್ಮಣನ್ನೂ ಕರಕೊಂಡ ಬಾ ಅಂತ ಬರಿ. ಆಕೀನ ಎಂಥಾವನ ಕೈಯಾಗ ಕೊಟ್ಟೇವಿ ಅಂತ ನನ್ನ ಮಗಗ ತೋರಸ್ಬೇಕು."