ಅಮಾವಾಸ್ಯೆಯ ಸೀರೆ

ಶಿರಾ
ಗುರುವಾರ, ೧೯ ಸೆಪ್ಟೆಂಬರ್ ೨೦೨೪

ಮಗಳೇ ಸಹನಾ,

ಶಿರಾದ ಉಮ್ಮೆ ಹಾನಿಯ ಸಲಾಮೂ ಆಶೀರ್ವಾದವೂ ನಿನಗೆ.

ನೀನು ಫೋನಿಗೆ ಕಳಿಸಿದ ವಂಶವೃಕ್ಷದ ಫೋಟೊ ನೋಡಿದೆ. "ಜೈನಾಬಿಯವರ ಹೆಸರು ಸರಿಯಾಗಿದೆಯಾ ನೋಡಿ ಹೇಳಿ ಆಂಟಿ" ಎಂದು ಕೇಳಿದ್ದೆ. ನಮ್ಮ ಅಮ್ಮಿಯ ಹೆಸರು ಸರಿಯಾಗಿಯೇ ಇದೆ. ತಪ್ಪಿರುವುದು ಬೇರೆ ಕಡೆ. ಫೋನಿನಲ್ಲಿ ಹೇಳೋಣವೆಂದರೆ ನಡುವೆ ಅಳು ಬರುತ್ತದೆ, ಇಲ್ಲವೇ ನಿನ್ನಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತೇನೆ. ಅದಕ್ಕೇ ಬರೆಯಲು ಕೂತೆ. ನಿನ್ನಪ್ಪನಿರುವ ಕೊಡಿಗೇನಹಳ್ಳಿಯ ಮನೆಗೆ ಕಳಿಸಿದರೆ ಇದು ನಿನ್ನ ಕೈಗೆ ಸಿಗುವುದಿಲ್ಲ. ಹಾಗಾಗಿ ಕೊರಟಗೆರೆಯಲ್ಲಿ ನೀನು ಪಾಠ ಮಾಡುವ ಸ್ಕೂಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಮಕ್ಕಳ ಮುಂದೆ ಒಡೆಯಬೇಡ, ಸ್ಕೂಲು ಬಿಟ್ಟ ಮೇಲೆ ಒಬ್ಬಳೇ ಕೂತು ಓದು.

ಹೋದ ತಿಂಗಳು ನೀನು ನಮ್ಮ ಮನೆಗೆ ಬಂದು, ಚಾಪೆಯ ಮೇಲೆ ಕಾಲು ಮಡಚಿ ಕೂತು, ನೀನು ಬರೆಯುತ್ತಿರುವ ನಿಮ್ಮ ಮನೆತನದ ಪುಸ್ತಕದ ಮೊದಲ ಅಧ್ಯಾಯ ಹೇಳಿದೆಯಲ್ಲ. ನಿಮ್ಮಜ್ಜಿ ಕದರಮ್ಮನಿಗೆ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ನಿನ್ನಪ್ಪ ಓಬಳರಾಜು ಹುಟ್ಟಿದಾಗ ಸಾವಿನ ಕಣ್ಣು ತಪ್ಪಿಸಲೆಂದು, ಕೂಸನ್ನು ಮೊರದಲ್ಲಿ ಮಲಗಿಸಿ ಪರರಿಗೆ ಮಾರುವ ಶಾಸ್ತ್ರ ಮಾಡಿದರು. ಊರ ಅರಳಿಕಟ್ಟೆಯ ಹತ್ತಿರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಹುಸೇನ್ ಸಾಬರ ಹೆಂಡತಿ ಜೈನಾಬಿ ಸೆರಗೊಡ್ಡಿ ಕೊಂಡುಕೊಂಡಳು. ಆಮೇಲೆ ಮನೆಯವರು ಒಂದು ಮೊರ ತೌಡು ಕೊಟ್ಟು ಕೂಸನ್ನು ಮರಳಿ ಪಡೆದರು. ಕೂಸು ಬದುಕಿತು. "ಎಷ್ಟು ಚೆಂದದ ಕಥೆ ಅಲ್ವಾ ಆಂಟಿ" ಎಂದೆ. ನಿನ್ನ ಮುಖದಲ್ಲಿದ್ದ ಸಂತೋಷ ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಅದೇ ಮಾತಿನ ನಡುವೆ, ಮಳೆಗಾಲದ ಶುರುವಿನಲ್ಲಿ ಅಜ್ಜಿ ತೀರಿಹೋದರು ಎಂದು ನೀನು ಹೇಳಿದೆ. ನಾನು ಎದ್ದು ಅಡುಗೆಮನೆಗೆ ಹೋದೆ. ಹಾಲು ಉಕ್ಕುತ್ತಿರಬೇಕೆಂದು ನೀನು ತಿಳಿದುಕೊಂಡೆ. ಒಲೆ ಹಚ್ಚಿರಲೇ ಇಲ್ಲ ಮಗಳೇ. ಅವಳು ಸತ್ತದ್ದನ್ನು ನನಗೆ ಯಾರೂ ತಿಳಿಸಿರಲಿಲ್ಲ.

ಈಗ ತಪ್ಪು ಎಲ್ಲಿದೆ ಹೇಳುತ್ತೇನೆ. ನಿನ್ನ ವಂಶವೃಕ್ಷದಲ್ಲಿ ಓಬಳರಾಜುವಿನ ಪಕ್ಕ ಒಂದು ಸಣ್ಣ ಚೌಕ ಹಾಕಿದ್ದೀಯ. ಅದರೊಳಗೆ "ಅವಳಿ ಹೆಣ್ಣುಶಿಶು, ಹುಟ್ಟಿದ ವಾರದಲ್ಲೇ ಮರಣ" ಎಂದಿದೆ. ಆ ಹೆಣ್ಣುಶಿಶು ನಾನು. ಸತ್ತಿಲ್ಲ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿಯೇ ಇದ್ದೇನೆ.

ಇದೆಲ್ಲ ನನಗೂ ಗೊತ್ತಾದದ್ದು ಹೋದ ವರ್ಷ, ಅಮ್ಮಿ ಹಾಸಿಗೆ ಹಿಡಿದಾಗ. ಮೊರದಲ್ಲಿ ಮಲಗಿಸಿದ್ದು ಒಂದು ಕೂಸನ್ನಲ್ಲ, ಎರಡನ್ನು. ಅಮ್ಮಿ ಇಬ್ಬರನ್ನೂ ಕೊಂಡಳು. ತೌಡು ಮಾತ್ರ ಒಬ್ಬನಿಗೇ ಬಂತು. ಕದರಮ್ಮನ ಎದೆಯಲ್ಲಿ ಇಬ್ಬರಿಗಾಗುವಷ್ಟು ಹಾಲಿರಲಿಲ್ಲ. ಅಮ್ಮಿ ಆಗಷ್ಟೇ ತನ್ನ ಕೂಸನ್ನು ಮಣ್ಣು ಮಾಡಿ ಬಂದವಳು, ಹಾಲು ಕಟ್ಟಿಕೊಂಡು ನರಳುತ್ತಿದ್ದಳು. ಹೆಣ್ಣು ಕೂಸು ಸ್ವಲ್ಪ ಬಲಿಯುವವರೆಗೆ ಅಮ್ಮಿಯ ಹತ್ತಿರವೇ ಇರಲಿ ಎಂದು ನಿನ್ನ ಮುತ್ತಜ್ಜಿ, ಕದರಮ್ಮನ ಅತ್ತೆ, ಹೇಳಿದಳಂತೆ. ಅಷ್ಟರಲ್ಲಿ ಅಬ್ಬನ ಕಲಾಯಿ ಕೆಲಸ ಐ.ಡಿ.ಹಳ್ಳಿಗೆ ಹೋಯಿತು, ಅಮ್ಮಿಯ ಮಡಿಲಲ್ಲಿ ನಾನೂ ಹೋದೆ.

ದೀಪಾವಳಿ ಕಳೆದ ಮೇಲೆ ಅಮ್ಮಿ ನನ್ನನ್ನು ಎತ್ತಿಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದಳು. ನಿನ್ನ ಮುತ್ತಜ್ಜಿ ಹೊಸಿಲು ದಾಟಗೊಡಲಿಲ್ಲ. "ಸತ್ತೋಯ್ತು ಅಂತ ಊರಿಗೆಲ್ಲ ಹೇಳ್ಬುಟ್ಟಿದ್ದೀವಿ ಕಣಮ್ಮ. ಗಂಡು ಉಳೀತು, ಅಷ್ಟು ಸಾಕು. ಹೆಣ್ಣಿಗ್ಯಾಕೆ ತೌಡು ದಂಡ? ನಿಂಗೆ ಮಕ್ಕಳಿಲ್ಲ, ನೀನೇ ಸಾಕ್ಕ" ಎಂದಳಂತೆ. ಅರ್ಧ ಮುಚ್ಚಿದ ಬಾಗಿಲ ಹಿಂದೆ ಕದರಮ್ಮ ನಿಂತಿದ್ದಳು. ಅಮ್ಮಿಗೆ ಅವಳ ಪಾದಗಳು ಕಾಣುತ್ತಿದ್ದವು. ಆ ಪಾದಗಳು ಮುಂದೆ ಬರುತ್ತವೇನೋ ಎಂದು ಅಮ್ಮಿ ಕಾದಳು. ಬರಲಿಲ್ಲ. "ಬರಬಾರದೆಂದೇ ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ" ಎಂದೂ ಅಮ್ಮಿ ಸಾಯುವ ಮುಂಚೆ ನನ್ನ ಕೈ ಹಿಡಿದು ಹೇಳಿದಳು. ಇದನ್ನು ನಿನ್ನ ಪುಸ್ತಕದಲ್ಲಿ ಬರೆಯಬೇಡ, ಅದು ನನ್ನದು.

ನಿನ್ನಪ್ಪ ಪ್ರತಿ ವರ್ಷ ನಮ್ಮ ಮನೆಗೆ ಬರುತ್ತಿದ್ದ. "ಅವನು ನಿನ್ನ ದೂದ್ ಭಾಯಿ, ನನ್ನ ಹಾಲು ಕುಡಿದವನು, ಅವನ ಮುಂದೆ ನೀನು ಮುಸುಕು ಹಾಕಬೇಕಿಲ್ಲ" ಎಂದು ಅಮ್ಮಿ ನನಗೆ ಹೇಳಿಕೊಟ್ಟಿದ್ದಳು. ಅವನೂ ಅಷ್ಟನ್ನೇ ನಂಬಿದ್ದ. ಬರುವಾಗ ನನಗೊಂದು ಹೊಸ ಬಟ್ಟೆ ತರುತ್ತಿದ್ದ. ಅವನು ಚಿಕ್ಕವನಿದ್ದಾಗ, ಕಲಾಯಿ ಕೆಲಸಕ್ಕೆ ನಿಮ್ಮೂರಿಗೆ ಹೋಗಿಬರುತ್ತಿದ್ದ ಅಬ್ಬನ ಕೈಯಲ್ಲಿ ಬರುತ್ತಿತ್ತು. ಮೊದಲು ಪುಟ್ಟ ಅಂಗಿ, ಆಮೇಲೆ ಲಂಗ, ಆಮೇಲೆ ಲಂಗದಾವಣಿ, ನನ್ನ ನಿಕಾಹ್ ಆದ ವರ್ಷದಿಂದ ಸೀರೆ. ಯಾವಾಗಲೂ ಹಸಿರು, ಯಾವಾಗಲೂ ಮೂಲೆಯಲ್ಲೊಂದು ಅರಿಶಿನದ ಗುರುತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಕೊಡಿಗೇನಹಳ್ಳಿಯವರಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ಎಂದು ಹಿಗ್ಗಿ ಉಡುತ್ತಿದ್ದೆ.

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಅಜ್ಜಿ ಆ ಸತ್ತ ಮಗುವಿಗೂ ಒಂದು ಹೊಸ ಬಟ್ಟೆ ಇಡುತ್ತಿದ್ದರು, ಪೂಜೆಯಾದ ಮೇಲೆ ಅದನ್ನು ಯಾರಿಗೋ ದಾನ ಕೊಡುತ್ತಿದ್ದರು ಎಂದು ನೀನೇ ಹೇಳಿದೆಯಲ್ಲ. ಆ ದಾನ ತೆಗೆದುಕೊಂಡವಳು ನಾನು. ವಾರದಲ್ಲೇ ಸತ್ತ ಕೂಸಿಗೆ ಯಾವ ತಾಯಿ ಲಂಗದಾವಣಿ ಇಡುತ್ತಾಳೆ, ಹೇಳು? ನಿಮ್ಮ ಮನೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ನನ್ನ ಎಡೆಯ ಬಟ್ಟೆಯನ್ನು ನಾನೇ ಉಟ್ಟುಕೊಂಡು ಹಬ್ಬ ಮಾಡಿದ್ದೇನೆ.

ಅಮ್ಮಿ ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಮುಗಿಸಿ ನಾನು ಕೊಡಿಗೇನಹಳ್ಳಿಗೆ ಹೋದೆ. ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣವೆನ್ನಿಸಿತ್ತು. ನೀನು ಕೊರಟಗೆರೆಯಲ್ಲಿದ್ದೆ. ಕದರಮ್ಮ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಸೀರೆ ನೋಡಿದಳು. ಹತ್ತಿರ ಕರೆದು ಸೆರಗಿನ ಮೂಲೆ ಹುಡುಕಿ ಆ ಅರಿಶಿನದ ಮೇಲೆ ಬೆರಳಾಡಿಸಿದಳು. "ಜೈನಾಬಿ ಹೇಳ್ಬುಟ್ಲಾ?" ಎಂದಳು. ಹೂಂ ಎಂದೆ.

ಅವಳು ಎದ್ದು ಒಳಗೆ ಹೋದಳು. ಬೆನ್ನು ಬಗ್ಗಿಹೋಗಿತ್ತು, ಗೋಡೆ ಹಿಡಿದುಕೊಂಡೇ ಬಂದಳು. ಕೈಯಲ್ಲಿ ಒಂದು ಮೊರ, ಮೊರದ ತುಂಬ ತೌಡು. ನನ್ನ ಮುಂದಿಟ್ಟು, "ತಕ್ಕಳವ್ವಾ. ನಮ್ಮತ್ತೆ ಇದ್ದಾಗ ಕೊಡಕ್ಕಾಗ್ಲಿಲ್ಲ. ಈಗ ಕೊಡ್ತಿವ್ನಿ, ಮನೀಗೆ ಬಾ" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಕೊಂಡವಳು ಗೋರಿ ಸೇರಿದ್ದಾಳೆ. ನನ್ನನ್ನು ನಿನಗೆ ವಾಪಸು ಮಾರೋರು ಯಾರು? ತೌಡು ಯಾರ ಕೈಗೆ ಕೊಡ್ತೀಯ?" ಎಂದೆ. ಅವಳು ಮೊರವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು. ಒಂದು ಕೋಳಿ ಬಂದು ತೌಡು ಕೆದಕತೊಡಗಿತು. ಅವಳೂ ಓಡಿಸಲಿಲ್ಲ, ನಾನೂ ಓಡಿಸಲಿಲ್ಲ. ಹೇಳಿದ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವಳ ಪಾದ ಮುಟ್ಟಬೇಕೆನ್ನಿಸಿತ್ತು, ಮುಟ್ಟದೆ ಎದ್ದು ಬಂದೆ.

ನಿನ್ನಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ದಾರಿಯುದ್ದಕ್ಕೂ ಅಳುತ್ತಿದ್ದ, ಅದು ಸುಳ್ಳಲ್ಲ. ಇಳಿದ ಮೇಲೆ ಹೇಳಿದ್ದು ಮಾತ್ರ ಇಷ್ಟೇ. "ಅಕ್ಕಾ, ಇದನ್ನ ಇಲ್ಲಿಗೇ ಬುಟ್ಬುಡು. ಊರಾಗೆ ಹೆಂಗೆ ತಲೆ ಎತ್ಲಿ? ಹೊಲ ಮನೆ ವಿಷ್ಯ ಬೇರೆ ಐತೆ." ಎಲ್ಲ ಗೊತ್ತಾದ ಮೇಲೆಯೇ ಅವನು ನಿನಗೆ ಆ ಚೌಕದ ಮಾತು ಬರೆಸಿದ್ದು. ಅಪ್ಪ ಹೇಳಿದರು ಎಂದು ನೀನೇ ಅಂದೆಯಲ್ಲ.

ನಿಮ್ಮ ಹೊಲದ ಒಂದು ಹಿಡಿ ಮಣ್ಣೂ ನನಗೆ ಬೇಡ. ಎಲ್ಲಿ ಕರೆದರೂ ಬಂದು ಸಹಿ ಹಾಕುತ್ತೇನೆ. ಆದರೆ ಸತ್ತವಳ ಹತ್ತಿರ ಸಹಿ ಹಾಕಿಸುವುದು ಹೇಗೆಂದು ನಿನ್ನಪ್ಪನನ್ನೇ ಕೇಳು. ಅಮಾವಾಸ್ಯೆಗೆ ಪುಸ್ತಕ ಅಚ್ಚಾಗಿ ಬರುತ್ತದೆ, ಅಜ್ಜಿಯ ಎಡೆಯ ಮುಂದೆ ಇಡುತ್ತೇನೆ ಎಂದಿದ್ದೆ. ಅಚ್ಚಿಗೆ ಹೋಗುವ ಮುಂಚೆ ಆ ಚೌಕದಿಂದ "ಮರಣ" ತೆಗೆ. "ಉಮ್ಮೆ ಹಾನಿ, ಜೈನಾಬಿಯ ಮಗಳು, ಶಿರಾದಲ್ಲಿದ್ದಾಳೆ" ಎಂದು ಬರೆ. ಕದರಮ್ಮನ ಹೆಸರಿನಿಂದ ನನ್ನ ಚೌಕಕ್ಕೆ ಗೆರೆ ಎಳೆಯುವುದೋ ಬೇಡವೋ ನೀನೇ ಯೋಚಿಸು. ನನಗೆ ಗೊತ್ತಾಗುತ್ತಿಲ್ಲ. ಒಮ್ಮೆ ಬೇಕೆನ್ನಿಸುತ್ತದೆ, ಒಮ್ಮೆ ಅಮ್ಮಿಯ ಮುಖ ನೆನಪಾಗುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆ ಮನೆಯಿಂದ ನನ್ನನ್ನು ಹುಡುಕಿಕೊಂಡು ಬಂದವಳು ನೀನೊಬ್ಬಳೇ, ಯಾರನ್ನು ಹುಡುಕುತ್ತಿದ್ದೀಯೆಂದು ನಿನಗೇ ತಿಳಿಯದಿದ್ದರೂ.

ಇನ್ನು ಮೇಲೆ ಆಂಟಿ ಎನ್ನಬೇಡ.

ನಿನ್ನ ಸೋದರತ್ತೆ,
ಉಮ್ಮೆ ಹಾನಿ

ಮರೆತಿದ್ದೆ: ನಿನ್ನೆ ಸಂಜೆ ನಿನ್ನಪ್ಪ ಫೋನ್ ಮಾಡಿದ್ದ. ಬಟ್ಟೆ ಅಂಗಡಿಯಲ್ಲಿದ್ದನಂತೆ. "ಅವ್ವ ಇಲ್ಲ ಅಂತ ಈ ವರ್ಷ ಎಡೆ ಬಿಡಕ್ಕಾಯ್ತದಾ ಅಕ್ಕಾ? ಮಗೀನ ಸೀರೆ ನಾನೇ ತಗೊಳ್ತಿವ್ನಿ. ಯಾವ ಬಣ್ಣ ತಗೊಳ್ಲಿ?" ಎಂದು ನನ್ನನ್ನೇ ಕೇಳಿದ. ಬಾಯಿ ತಪ್ಪಿ ಹಸಿರು ಎಂದುಬಿಟ್ಟೆ. ಆ ಸೀರೆ ನಮ್ಮ ಮನೆಗೆ ಬರುವ ಮುಂಚೆ ನಿನ್ನ ಉತ್ತರ ಬರಲಿ.