ಮಣಿಕಟ್ಟಿನ ಎಂಟು ಮೂಳೆಗಳು

ಅಮರಾವತಿ
೧೫ ಜನವರಿ ೨೦೨೪, ಸೋಮವಾರ

ಪ್ರೀತಿಯ ಸಗುಣಾಳಿಗೆ, ಒಂದು ಕಾಲದಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಮೃಣಾಲ್‌ಳ ನಮಸ್ಕಾರಗಳು.

ಇವತ್ತು ಸಂಕ್ರಾಂತಿ. ಎಳ್ಳುಂಡೆಯ ಡಬ್ಬಿಯ ಜೊತೆ ಈ ಪತ್ರವನ್ನು ನಾಳೆ ನಮ್ಮ ಡ್ರೈವರ್ ಕೈಯಲ್ಲಿ ನೀನು ಇಳಿದುಕೊಂಡಿರುವ ನಾಗಪುರದ ಗೆಸ್ಟ್‌ಹೌಸಿಗೆ ಕಳಿಸುತ್ತಿದ್ದೇನೆ. ಎಳ್ಳುಬೆಲ್ಲ ತಿಂದು ಸಿಹಿ ಮಾತಾಡು ಎನ್ನುವ ದಿನ ತಾನೆ? ನಾವಿಬ್ಬರೂ ಮಾತು ಬಿಟ್ಟು ಇಪ್ಪತ್ತೆಂಟು ವರ್ಷವಾಯಿತು. ನಿನ್ನ ಫೋನ್ ನಂಬರ್ ಸಿಕ್ಕಿತ್ತು. ಆದರೆ ಇದು ಫೋನಿನಲ್ಲಿ ಹೇಳುವಂಥದ್ದಲ್ಲ, ಬರೆದೇ ಹೇಳಬೇಕು ಅನ್ನಿಸಿತು.

ಹಾಸ್ಟೆಲಿನ ಇಪ್ಪತ್ತಮೂರನೇ ನಂಬರ್ ರೂಮು ನೆನಪಿದೆಯಾ? ಮೊದಲ ಟರ್ಮಿನ ಅನಾಟಮಿಯಲ್ಲಿ ನನಗೆ ನೂರಕ್ಕೆ ಹತ್ತೊಂಬತ್ತು ಬಂದಾಗ ಬ್ಯಾಗು ಕಟ್ಟಿಕೊಂಡು ಊರಿಗೆ ಹೊರಟಿದ್ದೆ. ನೀನು ಬಾಗಿಲಿಗೆ ಅಡ್ಡ ನಿಂತು, "ಎಲ್ಲಿಗೆ ಹೋಗ್ತೀಯೇ ಹುಚ್ಚಿ? ಮೂಳೆ ಏನು ಓಡಿಹೋಗ್ತವಾ? ಕೂತ್ಕೋ" ಎಂದೆ. ನನ್ನ ಮಣಿಕಟ್ಟು ಹಿಡಿದು ಒಂದೊಂದೇ ಮೂಳೆಯನ್ನು ಬೆರಳಲ್ಲಿ ಒತ್ತಿ ತೋರಿಸಿದೆ. ಎಂಟು ಮೂಳೆ, ಎಂಟು ಪದದ ಒಂದು ವಾಕ್ಯ, ಪ್ರತಿ ಪದದ ಮೊದಲ ಅಕ್ಷರ ಒಂದೊಂದು ಮೂಳೆಯ ಹೆಸರಿನದು. "ಸೋಮವಾರ ಲಡ್ಡು ತಿಂದ ಪಾರು ತಟ್ಟೆ ತೊಳೆದು ಕೆಲಸಕ್ಕೆ ಹೋದಳು." ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವಿಟ್ರಲ್, ಪಿಸಿಫಾರ್ಮ್, ಟ್ರಪೀಝಿಯಂ, ಟ್ರಪೆಝಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ನೋಡು, ಈಗಲೂ ನಿಲ್ಲದೆ ಬರುತ್ತದೆ. ಭುಜದ ನಾಲ್ಕು ಸ್ನಾಯುಗಳಿಗೆ "ಸಂಜೆ ಇಲ್ಲೇ ತಿಂಡಿ ಸಿಗುತ್ತೆ." ನೀನು ಕಟ್ಟಿದ ಇಂಥವು ಇಡೀ ಬ್ಯಾಚಿಗೆ ಬಾಯಿಪಾಠವಾಗಿದ್ದವು. ಎರಡನೇ ಟರ್ಮಿನಲ್ಲಿ ನಾನು ಪಾಸಾದೆ, ನಿನ್ನಿಂದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹಾಸ್ಟೆಲಿನ ಹಿಂದಿನ ಬೇವಿನ ಮರದ ಕೆಳಗೆ ಕೂತು ಕಿತ್ತಳೆ ಬಿಡಿಸುತ್ತಾ ನೀನು ನಿನ್ನ ಮನೆಯ ವಿಷಯ ಹೇಳಿದ್ದೆ. ಬೇರೆ ಯಾರಿಗೂ ಹೇಳಬೇಡ ಎಂದು ನನ್ನ ಕೈಮೇಲೆ ಕೈ ಇಡಿಸಿಕೊಂಡಿದ್ದೆ. ಹೆರಿಗೆ ವಾರ್ಡಿನಲ್ಲಿ ಕಸ ಗುಡಿಸಿ ಬೆಡ್‌ಪ್ಯಾನ್ ತೊಳೆಯುವ ಮಾವಶಿಯೇ ನಿನ್ನ ತಾಯಿ ಎಂದು ಆಗ ಗೊತ್ತಾಯಿತು. ಅದಕ್ಕೂ ಮೊದಲು ನಾನು ಆಕೆಯನ್ನು ಎಷ್ಟು ಸಲ "ಏ ಮಾವಶಿ, ಇಲ್ಲಿ ಒರೆಸು" ಎಂದಿದ್ದೆನೋ.

ನಂತರ ನಡೆದದ್ದಕ್ಕೆ ಸೀನಿಯರ್‌ಗಳೇ ಕಾರಣ. ನೀನೂ ಒಪ್ಪುತ್ತೀಯ. ಹಾಸ್ಟೆಲಿನ ಊಟದ ಹಾಲ್‌ನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ನೀನು ಅವತ್ತು ಜ್ವರವೆಂದು ರೂಮಿನಲ್ಲಿದ್ದೆ. ಸೀನಿಯರ್‌ಗಳನ್ನು ಮ್ಯಾಮ್ ಎನ್ನಬೇಕಿತ್ತು. ಕಾರ್ಲೇಕರ್ ಮ್ಯಾಮ್ ಚಮಚದಿಂದ ತಟ್ಟೆ ಬಡಿಯುತ್ತಾ ನನ್ನ ಹತ್ತಿರ ಬಂದು, "ಕಾರ್ಪಲ್ ಬೋನ್ಸ್ ಹೇಳೇ" ಎಂದರು. ನಾನು ಲಡ್ಡುವಿನ ಸಾಲು ಹೇಳಿದೆ. "ಥೂ! ಇದು ಅಂಗನವಾಡಿ ಮಕ್ಕಳದ್ದು. ಖಾರವಾಗಿ ಒಂದು ಕಟ್ಟು. ಒಂದು ನಿಮಿಷ ಟೈಮು. ಇಲ್ಲಾಂದ್ರೆ ಟೇಬಲ್ ಹತ್ತಿ ಕೋಳಿ ಥರ ಕೂಗು" ಎಂದರು.

ಸಗುಣಾ, ನನಗೆ ಹದಿನೆಂಟು ವರ್ಷ. ಕೋಳಿಯಂತೆ ಕೂಗಿದ್ದರೆ ಏನಾಗುತ್ತಿತ್ತು ಎಂದು ಈಗ ಕೇಳುವುದು ಸುಲಭ. ಮೊದಲ ಅಕ್ಷರ ಸ. ಬಾಯಿಗೆ ನಿನ್ನ ಹೆಸರು ಬಂತು. ಬಂದ ಮೇಲೆ ಉಳಿದದ್ದೂ ತಾನಾಗಿ ಬಂತು. ಆ ಸಾಲನ್ನು ಇಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಹಾಲ್‌ನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಾರ್ಲೇಕರ್ ಮ್ಯಾಮ್ ನನ್ನ ಬೆನ್ನು ತಟ್ಟಿ, "ಭಲೇ ಪೋರಿ!" ಎಂದರು. ಆ ವರ್ಷ ನನ್ನನ್ನು ಯಾರೂ ಮತ್ತೆ ಸಾಲಿನಲ್ಲಿ ನಿಲ್ಲಿಸಲಿಲ್ಲ.

ವಾರದೊಳಗೆ ಅದು ಹುಡುಗರ ಹಾಸ್ಟೆಲಿಗೂ ಹೋಯಿತು. ಹೆಣ ಕೊಯ್ಯುವ ಹಾಲ್‌ನಲ್ಲಿ ನೀನು ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನಿಂದ ಎಂಟು ಪದಗಳನ್ನು ನಿನ್ನ ಹೆಜ್ಜೆಗೆ ತಾಳ ಹಾಕಿ ಹೇಳುತ್ತಿದ್ದರು. ನಿನ್ನ ಎಡಗಾಲು ಎಳೆಯುವ ಕಡೆ ಒಂದಿಷ್ಟು ಎಳೆದು ಹೇಳುತ್ತಿದ್ದರು. ನೀನು ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಹಿಂದಿನ ಗೇಟಿನ ಬಳಿ ನಿನ್ನ ತಾಯಿ ಜೋಳದ ಭಾಕರಿ, ಹಸಿಮೆಣಸಿನಕಾಯಿಯ ಠೇಚಾ ತಂದುಕೊಟ್ಟಾಗ ನಾನೂ ಜೊತೆಗಿದ್ದೆ. ಆಕೆಯ ಮುಖ ಅರಳಿತ್ತು. "ಅಗ ಸಗುಣೇ, ಡಾಕ್ಟರ್ ಹುಡುಗ್ರೆಲ್ಲ ವಾರ್ಡಿನಾಗ ನಿನ್ನ ಹೆಸರು ಹಾಡ್ತಾವಲ್ಲ! ಮುಂದಿಂದು ನನಗ ತಿಳೀಲಿಲ್ಲ. ನೀನೇನಾ ಫಸ್ಟ್ ಬಂದಾಕಿ?" ಎಂದರು. ನೀನು ಹೌದು ಮಾಯ್ ಎಂದೆ. ನಾನು ಭಾಕರಿಯ ಗಂಟು ಬಿಚ್ಚುತ್ತಾ ನಿಂತೆ.

ನೀನು ದೂರು ಕೊಟ್ಟಾಗ ಡೀನ್ ನನ್ನನ್ನೂ ಕರೆಸಿದರು. ನಾನು ಎಷ್ಟು ಹೆದರಿದ್ದೆನೆಂದರೆ ಬಾಯಿಂದ ಮಾತೇ ಹೊರಡಲಿಲ್ಲ. ನನ್ನ ಮೌನ ತಪ್ಪೇ. ನಿನ್ನ ತಾಯಿ ಸ್ವಲ್ಪ ದಿನದಲ್ಲಿ ಕೆಲಸ ಬಿಟ್ಟರೆಂದು ಕೇಳಿ ನೊಂದುಕೊಂಡೆ. ಆ ದಿನದಿಂದ ಈ ದಿನದವರೆಗೆ ಆ ಸಾಲು ನನ್ನ ತುಟಿಗೆ ಬಂದಿಲ್ಲ, ದೇವರಾಣೆ.

ಈಗ ನೀನು ಅನಾಟಮಿಯ ಪ್ರೊಫೆಸರ್. ನಾನು ಗಂಡನ ನರ್ಸಿಂಗ್ ಹೋಮಿನಲ್ಲಿ ಮೊಡವೆಗೆ ಮುಲಾಮು ಬರೆಯುತ್ತಾ ಕೂತಿದ್ದೇನೆ. ಒಂದು ರೀತಿಯಲ್ಲಿ ನೋಡಿದರೆ ಆ ನೋವೇ ನಿನ್ನನ್ನು ಇಷ್ಟು ಎತ್ತರಕ್ಕೆ ತಂದಿತು ಅಲ್ಲವಾ? ದೇವರು ಒಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಕೊಡುತ್ತಾನೆ.

ನನಗೊಬ್ಬಳು ಮಗಳು, ಋಜುತಾ. ಅಲ್ಲೇ ನಾಗಪುರದಲ್ಲಿ ಎಂಬಿಬಿಎಸ್ ಮೊದಲ ವರ್ಷ. ಅನಾಟಮಿ ಅವಳಿಗೂ ನನ್ನ ಹಾಗೆಯೇ ಕಬ್ಬಿಣದ ಕಡಲೆ. ಒಮ್ಮೆ ಫೇಲಾಗಿದ್ದಾಳೆ. ಈ ಸಲವೂ ಹೋದರೆ ಜೊತೆಯವರೆಲ್ಲ ಮುಂದೆ ಹೋಗುತ್ತಾರೆ, ಇವಳೊಬ್ಬಳು ಹಿಂದೆ ಉಳಿಯುತ್ತಾಳೆ. ಅವಳಿಗೆ ನಮ್ಮ ಹಳೆಯ ವಿಷಯ ಒಂದೂ ಗೊತ್ತಿಲ್ಲ. ಅಮ್ಮ ಮಾಡಿದ ತಪ್ಪಿಗೆ ಮಗು ಬಲಿಯಾಗಬಾರದು. ಇಷ್ಟೇ ನನ್ನ ಆಸೆ. ನನ್ನನ್ನು ಕ್ಷಮಿಸಿಬಿಡು.

ನಿನ್ನವಳೇ ಆದ,
ಮೃಣಾಲ್

ವಿ. ಸೂ.: ಋಜುತಾಳ ಸೀಟ್ ನಂಬರ್ ೧೧೪. ಗುರುವಾರ ಬೆಳಿಗ್ಗೆಯ ವೈವಾ ಬ್ಯಾಚು. ಹಸಿರು ಚೌಕಟ್ಟಿನ ಕನ್ನಡಕ, ಎತ್ತರದ ಹುಡುಗಿ. ಸಲೀಸಾಗಿ ಗುರುತು ಸಿಗುತ್ತಾಳೆ.

*

ನಾಗಪುರ
೧೭ ಜನವರಿ ೨೦೨೪

ಮೃಣಾಲ್,

ನಿನ್ನನ್ನು "ನೀವು" ಎಂದು ಕರೆಯಬೇಕೆಂದುಕೊಂಡೆ. ಎರಡು ಹಾಳೆ ಹಾಗೇ ಬರೆದು ಹರಿದೆ. ನನ್ನ ತಟ್ಟೆಯಲ್ಲಿ ಉಂಡವಳಿಗೆ ಅಷ್ಟು ಮರ್ಯಾದೆ ಕೊಡಲು ಪೆನ್ನು ಒಪ್ಪಲಿಲ್ಲ.

ನಿನ್ನ ಪತ್ರ ನನ್ನ ಕೈ ಸೇರಿದ್ದು ಮಂಗಳವಾರ ಸಂಜೆ. ನಿನ್ನ ಮಗಳ ಮೌಖಿಕ ಪರೀಕ್ಷೆ, ಆ ವೈವಾ, ಮುಗಿದದ್ದು ಅದೇ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಬ್ಯಾಚುಗಳ ಸರದಿ ಹಿಂದಿನ ವಾರವೇ ಬದಲಾಗಿತ್ತು, ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ನಿನಗೆ ಏಕೆ ತಿಳಿಸಲಿಲ್ಲವೆಂದು ಅವಳನ್ನೇ ಕೇಳಿಕೋ.

ವೈವಾ ಹೇಗಾಯಿತು ಎಂದು ನಾನೇ ಹೇಳುತ್ತೇನೆ. ಬಾಗಿಲ ಮೇಲಿನ ಚೀಟಿಯಲ್ಲಿ ನನ್ನ ಹೆಸರು "ಡಾ. ಎಸ್. ಖೋಬ್ರಾಗಡೆ" ಎಂದಷ್ಟೇ ಇತ್ತು. ಹೊರಗಿನ ಪರೀಕ್ಷಕಳಾಗಿ ನಾನು ಮೇಜಿನ ಹಿಂದೆ ಕೂತಿದ್ದೆ. ದಾರಕ್ಕೆ ಪೋಣಿಸಿದ ಕೈಯ ಮೂಳೆಗಳನ್ನು ಕೊಟ್ಟು ಹೆಸರು ಹೇಳು ಎಂದೆ. ಅವಳ ತುಟಿ ಸದ್ದಿಲ್ಲದೆ ಅಲ್ಲಾಡಿತು.

"ಜೋರಾಗಿ ಹೇಳಮ್ಮ. ಬಾಯೊಳಗೆ ಏನು ಜಪ?"

"ಸೂತ್ರ, ಮ್ಯಾಡಮ್. ಅದು ಅಷ್ಟು ಚೆನ್ನಾಗಿಲ್ಲ."

"ಪರವಾಗಿಲ್ಲ, ಹೇಳು. ನಾನೂ ಕಲಿತ್ಕೋತೀನಿ."

ಅವಳು ಹೇಳಿದಳು. "ಸಗುಣಾ ಲಂಗಡಿ, ತಂದೆ ಪೆದ್ದ, ತಾಯಿ ತೊತ್ತು, ಕೊಟ್ಟಿಗೆ ಹುಟ್ಟು."

ನಿನ್ನ ಕೈಗೆ ಬರೆಯಲಾಗದ್ದನ್ನು ನಾನು ಬರೆದಿದ್ದೇನೆ, ನೋಡಿಕೋ. ಯಾರು ಕಲಿಸಿದರು ಎಂದೆ. "ಮಮ್ಮಿ. ಅವರ ಕಾಲೇಜಿನದ್ದಂತೆ. ಇದೊಂದು ಹೇಳ್ಕೊಂಡ್ರೆ ಸಾಯೋವರೆಗೂ ಮರೆಯಲ್ಲ ಅಂದ್ರು" ಎಂದಳು. ಈ ಸಗುಣಾ ಯಾರು ಎಂದೆ. "ಯಾರೂ ಅಲ್ಲ ಮ್ಯಾಡಮ್, ಸುಮ್ನೆ ಒಂದು ಹೆಸರು" ಎಂದಳು.

ಆಣೆ ಇಡಲು ನಿನ್ನ ದೇವರು ಯಾವಾಗಲೂ ಸಿದ್ಧನಾಗಿರುತ್ತಾನೆ.

ಆಮೇಲೆ ಕಿಟಕಿಯ ಬಳಿಯಿದ್ದ ಭುಜದ ಮೂಳೆಗಳ ಟ್ರೇ ತರಲು ನಾನು ಎದ್ದೆ. ಜವಾನ ಪಕ್ಕದಲ್ಲೇ ನಿಂತಿದ್ದ, ಅವನಿಗೆ ಹೇಳಬಹುದಿತ್ತು. ಬೇಕೆಂದೇ ನಾನೇ ಎದ್ದೆ. ಹೋಗುವಾಗಲೂ ಬರುವಾಗಲೂ ಎಡಗಾಲು ಎಳೆಯುತ್ತಾ ನಿಧಾನವಾಗಿ ನಡೆದೆ. ವಾಪಸು ಬಂದು ಅವಳ ಮುಖ ನೋಡಿದೆ. ಕಾಗದದ ಹಾಗೆ ಬೆಳ್ಳಗಾಗಿತ್ತು. "ಮ್ಯಾಡಮ್, ನಿಮ್ಮ ಹೆಸರು..." ಎಂದಳು. ಭುಜದ ನಾಲ್ಕು ಸ್ನಾಯು ಹೇಳು ಎಂದೆ. ಕಣ್ಣಲ್ಲಿ ನೀರು. ಆದರೂ ನಾಲ್ಕನ್ನೂ ಹೇಳಿದಳು. ನರಗಳನ್ನೂ ಹೇಳಿದಳು. ಎದ್ದು ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು. ಬೇಡ, ಮುಂದಿನವರನ್ನು ಕಳಿಸು ಎಂದೆ.

ನಿನ್ನ ಮಗಳು ನಿನ್ನಂತೆ ದಡ್ಡಿಯಲ್ಲ. ಎಂಟು ಮೂಳೆಗೂ ಪೂರ್ತಿ ಅಂಕ ಹಾಕಿದೆ. ಕ್ರಮ ಸರಿಯಾಗಿತ್ತಲ್ಲ. ಅವಳು ಪಾಸಾಗಿದ್ದಳು, ಯಾರ ಹಂಗೂ ಇಲ್ಲದೆ.

ನೀನು ಮುಚ್ಚಿಟ್ಟದ್ದನ್ನು ನಾನು ಬಿಚ್ಚಿಡುತ್ತೇನೆ. ಡೀನ್ ಮುಂದೆ ನಿನ್ನ ಬಾಯಿಂದ ಮಾತು ಹೊರಡಲಿಲ್ಲ, ನಿಜ. ಕೈಯಿಂದ ಹೊರಟಿತು. "ಬ್ಯಾಚಿನ ಎಲ್ಲ ಸೂತ್ರ ಕಟ್ಟುವವಳು ಸಗುಣಾಳೇ, ಇದನ್ನೂ ಅವಳೇ ತಮಾಷೆಗೆ ಕಟ್ಟಿದ್ದು" ಎಂದು ಬರೆದು ಸಹಿ ಹಾಕಿದೆ. ಆ ಹಾಳೆಯನ್ನು ಡೀನ್ ನನ್ನ ಮುಂದೆಯೇ ಓದಿದರು. ಸುಳ್ಳು ದೂರು ಕೊಟ್ಟವಳೆಂದು ನನಗೆ ಎಚ್ಚರಿಕೆ ಕೊಟ್ಟರು. ವಿಚಾರಣೆಯಲ್ಲಿ ನನ್ನ ತಾಯಿ ಯಾರೆಂಬುದು ಎಲ್ಲರಿಗೂ ಗೊತ್ತಾಗಿತ್ತು. ಮುಂದಿನ ಸೋಮವಾರ ಮೇಟ್ರನ್ ಅವಳ ಸಮವಸ್ತ್ರ ಬಿಚ್ಚಿಸಿಕೊಂಡು ನಾಳೆಯಿಂದ ಬರಬೇಡ ಎಂದರು. ಮಾಯ್ ಕೆಲಸ ಬಿಡಲಿಲ್ಲ, ಬಿಡಿಸಿದರು.

ನನ್ನ ಬಾಬಾಗೆ ಕಿವಿ ಕೇಳುತ್ತಿರಲಿಲ್ಲ. ಅಷ್ಟೇ ನಾನು ನಿನಗೆ ಹೇಳಿದ್ದು. ನೀನು ಅದನ್ನು ಪೆದ್ದು ಮಾಡಿದೆ, ನಿನಗೆ ಪ ಅಕ್ಷರ ಬೇಕಿತ್ತಲ್ಲ. ತಾಯಿ ತೊತ್ತು ಎಂಬುದೂ ಆಗ ಸುಳ್ಳೇ. ಅವಳಿಗೆ ನೀಲಿ ಸೀರೆಯ ಸಮವಸ್ತ್ರವಿತ್ತು, ಎದೆಯ ಮೇಲೆ ಹೆಸರಿನ ಬಿಲ್ಲೆಯಿತ್ತು. ನಿನ್ನ ಸಹಿಯ ನಂತರ ಧರಂಪೇಠದ ಮೂರು ಮನೆಗಳಲ್ಲಿ ಮುಸುರೆ ತಿಕ್ಕಿದಳು, ನಾನು ಡಾಕ್ಟರ್ ಆಗುವವರೆಗೂ. ಹಾಗೆ ನಿನ್ನ ಮಾತನ್ನು ನೀನೇ ನಿಜ ಮಾಡಿದೆ. ಅವಳು ಹೋಗಿ ಹದಿನಾಲ್ಕು ವರ್ಷವಾಯಿತು. ಕೊನೆಯವರೆಗೂ ವಾರ್ಡಿನ ಹುಡುಗರು ನನ್ನ ಹೆಸರು ಹಾಡಿದ್ದನ್ನು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು. ನಾನು ತಿದ್ದಲಿಲ್ಲ.

ನೋವು ನನ್ನನ್ನು ಬೆಳೆಸಿತು ಎಂದು ಬರೆದಿದ್ದೀಯ. ನನ್ನನ್ನು ಬೆಳೆಸಿದ್ದು ಮಾಯ್‌ಳ ಭಾಕರಿ.

ಇನ್ನು ಮುಖ್ಯ ವಿಷಯ. ಪರೀಕ್ಷಕರಾಗಿ ಬರುವ ಮೊದಲು ನಾವು ಒಂದು ಘೋಷಣೆಗೆ ಸಹಿ ಹಾಕುತ್ತೇವೆ. ಯಾವುದೇ ವಿದ್ಯಾರ್ಥಿಯ ಪರವಾಗಿ ಯಾರಾದರೂ ಮಾತಿನಲ್ಲೋ ಬರಹದಲ್ಲೋ ಸಂಪರ್ಕಿಸಿದರೆ ತಕ್ಷಣ ತಿಳಿಸಬೇಕು. ನಿನ್ನ ಪತ್ರದಲ್ಲಿ ಸೀಟ್ ನಂಬರ್ ಇದೆ, ಕನ್ನಡಕದ ಬಣ್ಣವೂ ಇದೆ. ಇಂದು ಬೆಳಿಗ್ಗೆ ಅದನ್ನು ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಒಪ್ಪಿಸಿದೆ. ೧೧೪ರ ಫಲಿತಾಂಶವನ್ನು ತಡೆಹಿಡಿದಿದ್ದಾರೆ. ವಿಚಾರಣೆ ನಡೆಯುತ್ತದೆ. ಈ ಪರೀಕ್ಷೆ ರದ್ದಾಗಬಹುದು, ಮುಂದಿನದಕ್ಕೂ ಕೂಡಿಸದೇ ಇರಬಹುದು. ಮಧ್ಯಾಹ್ನ ಅವಳನ್ನು ಕರೆಸಿ ಕಾರಣ ತಿಳಿಸಿದರು. ಪತ್ರವನ್ನು ಓದಲು ಕೊಡಲೇಬೇಕಂತೆ. ನಿಂತುಕೊಂಡೇ ಕೊನೆಯವರೆಗೂ ಓದಿದಳು. ನಿನಗೆ ಫೋನ್ ಮಾಡಬೇಕಾ ಎಂದು ಕೇಳಿದರೆ, "ಬೇಡ" ಎಂದಳು.

ಎಳ್ಳುಂಡೆಯನ್ನು ನಿನ್ನ ಡ್ರೈವರನಿಗೇ ಕೊಟ್ಟೆ. ಅವನ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಂತೆ.

ಸಗುಣಾ ಖೋಬ್ರಾಗಡೆ

ವಿ. ಸೂ.: ನಿಯಮವಿದೆ ಎಂದು ಬರೆದೆ, ಅದು ನಿಜ. ಆದರೆ ಕೇಂದ್ರದ ಮುಖ್ಯಸ್ಥರು ವಯಸ್ಸಾದವರು, ಮೆತ್ತನೆಯ ಮನುಷ್ಯ. ನಿನ್ನ ಪತ್ರ ಓದಿ ಕನ್ನಡಕ ತೆಗೆದಿಟ್ಟು, "ಮ್ಯಾಡಮ್, ಹುಡುಗಿ ಹೇಗೂ ತಾನಾಗೇ ಪಾಸಾಗಿದೆಯಲ್ಲ. ನೀವು ಇದನ್ನ ನನಗೆ ಕೊಡಲೇ ಇಲ್ಲ, ನಾನು ನೋಡಲೇ ಇಲ್ಲ. ಹರಿದು ಹಾಕಿಬಿಡಿ" ಎಂದು ಪತ್ರವನ್ನು ನನ್ನ ಕೈಗೇ ವಾಪಸು ಕೊಟ್ಟರು. ನಾನು ಅದನ್ನು ಮಡಿಸಿ ಮತ್ತೆ ಅವರ ಮುಂದಿಟ್ಟೆ. ಅವರು ಎರಡನೇ ಸಲವೂ ಕೊಟ್ಟರು. ಎರಡನೇ ಸಲವೂ ಇಟ್ಟೆ.